ಚಿನ್ನದ ಗಣಿಯ ಕೆಳಗಣ ಲೋಕ

ಶಾಸನಗಳಲ್ಲಿ ವಿಜಯಾದಿತ್ಯಮಂಗಲವೆಂದು ಹೆಸರುಗೊಂಡ ಬೇತಮಂಗಲವನ್ನು ನಮ್ಮ ಸೀಮೆಯವರು ಪಾಲಾರ್ ನದಿಯ ಕೆರೆಯೊಡನೆ ನೆನೆಯುವುದು ವಾಡಿಕೆ. ಆ ಕೆರೆಯ ನೀರು ಬಹುಕಾಲ ಕೋಲಾರದ ಚಿನ್ನದ ಗಣಿಗಳಿಗೂ ಅಲ್ಲಿಯ ಕಾರ್ಮಿಕರ ಮನೆಗಳಿಗೂ ಹರಿಯಿತು. ಗಣಿಯವರಾದರೋ ಚಾಂಪಿಯನ್ ರೀಫಿನಲ್ಲಿ ಸುಮಾರು 3.2 ಕಿಲೋಮೀಟರು ಆಳದವರೆಗೆ ಇಳಿದರು. ಲೋಕದ ಅತ್ಯಂತ ಆಳವಾದ ಗಣಿಗಳಲ್ಲಿ ಅದೊಂದು. ಆದರೆ ಭೂಮಿಯ ತ್ರಿಜ್ಯವು 6,371 ಕಿಲೋಮೀಟರು. ಅಷ್ಟು ಪ್ರಾಣಗಳನ್ನು ತೆತ್ತು ಮನುಷ್ಯನು ಇಳಿದುದು ಅದರ ಎರಡು ಸಾವಿರದಲ್ಲೊಂದು ಪಾಲು ಮಾತ್ರ! ಹೀಗಿರಲು, ಭೂಮಿಯ ನಡುವಿನಲ್ಲಿ ಏನಿದೆಯೆಂಬುದನ್ನು ಪಂಡಿತರು ತಿಳಿದ ಬಗೆ ಹೇಗೆ?

ಮೊದಲನೆಯ ಉಪಾಯ ಲೋಲಕ. ಗುರುತ್ವವು ಹೆಚ್ಚಿದರೆ ಲೋಲಕವು ವೇಗವಾಗಿ ತೂಗುವುದು. 1854ರಲ್ಲಿ ಇಂಗ್ಲೆಂಡಿನ ಏರಿ ಎಂಬ ಖಗೋಳಜ್ಞನು ಹಾರ್ಟನ್ ಕಲ್ಲಿದ್ದಲ ಗಣಿಯ ಮೇಲೂ ಕೆಳಗೂ ಲೋಲಕಗಳನ್ನಿಟ್ಟು, ಕೆಳಗೆ ಗುರುತ್ವವು ಕಿಂಚಿತ್ ಅಧಿಕವೆಂದು ಕಂಡನು. ಮೇಲಿನ ಬಂಡೆಗಳಿಗಿಂತ ಒಳಗಿನ ದ್ರವ್ಯವು ಬಹಳ ಸಾಂದ್ರವಾಗಿರುವುದೇ ಇದಕ್ಕೆ ಕಾರಣ. ಅದೇ ಲೆಕ್ಕದಂತೆ ಚಾಂಪಿಯನ್ ರೀಫಿನ ತಳದಲ್ಲಿಟ್ಟ ಲೋಲಕದ ಗಡಿಯಾರವು ಮೇಲಿನದಕ್ಕಿಂತ ದಿನಕ್ಕೆ ಎಂಟೊಂಬತ್ತು ಸೆಕೆಂಡು ಮುಂದೋಡಬೇಕು.

ಎರಡನೆಯ ಉಪಾಯ ಭೂಕಂಪ. ಭಾರತದ ಭೂವಿಜ್ಞಾನ ಸರ್ವೇಕ್ಷಣೆಯಲ್ಲಿದ್ದ ಓಲ್ಡ್‌ಹ್ಯಾಮ್ 1897ರ ಅಸ್ಸಾಂ ಭೂಕಂಪವನ್ನು ವ್ಯಾಸಂಗಮಾಡಿ ಕಂಪದ ಅಲೆಗಳನ್ನು ಬಗೆಬಗೆಯಾಗಿ ವಿಂಗಡಿಸಿದನು. 1906ರಲ್ಲಿ ಭೂಮಿಗೊಂದು ತಿರುಳಿದೆಯೆಂದು ತೋರಿಸಿದನು. 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ವಿದುಷಿಯು, ನ್ಯೂಜಿಲೆಂಡಿನ 1929ರ ಭೂಕಂಪದ ದಾಖಲೆಗಳನ್ನು ಪರಿಶೀಲಿಸಿ, ಆ ತಿರುಳಿನೊಳಗೆ ಮತ್ತೊಂದು ತಿರುಳುಂಟೆಂದು ಸಾಧಿಸಿದಳು. ಹೊರತಿರುಳು ಕರಗಿದ ಕಬ್ಬಿಣ. ಸುಮಾರು 1,220 ಕಿಲೋಮೀಟರು ತ್ರಿಜ್ಯದ ಒಳತಿರುಳು ಗಟ್ಟಿಯಾದುದು.

ದ್ರವದಲ್ಲಿ ತೇಲುವ ಗೋಳವು ಭೂಮಿಯೊಡನೆ ಸರಿಸಮನಾಗಿಯೇ ತಿರುಗಬೇಕೆಂಬ ನಿಯಮವಿಲ್ಲ. 1996ರಲ್ಲಿ ಸಾಂಗ್ ಮತ್ತು ರಿಚರ್ಡ್ಸ್ ಎಂಬಿಬ್ಬರು ಒಳತಿರುಳು ಭೂಮಿಗಿಂತ ತುಸು ವೇಗವಾಗಿ ತಿರುಗುವುದೆಂದು ಸಾರಿದರು. 2023ರಲ್ಲಿ ಯಾಂಗ್ ಮತ್ತು ಸಾಂಗ್, 2009ರ ಸುಮಾರಿನಲ್ಲಿ ಆ ಹೆಚ್ಚಿನ ತಿರುಗುವಿಕೆ ನಿಂತಂತಾಯಿತೆಂದರು. 2024ರ ಮತ್ತೊಂದು ಸಂಶೋಧನೆಯು ಒಳತಿರುಳು ಭೂಮಿಗಿಂತ ಹಿಂದೆ ಬೀಳುತ್ತಿರುವುದೆಂದು ಹೇಳಿತು. ಇದು ಒಳತಿರುಳಿನ ಮೇಲ್ಮೈಯ ಬದಲಾವಣೆಯ ಫಲವೂ ಆಗಿರಬಹುದೆಂಬ ವಾದ ಇನ್ನೂ ಇದೆ. ಹಿಂದೆ ಬೀಳುವುದೆಂದರೆ ವಿರುದ್ಧ ದಿಕ್ಕಿಗೆ ತಿರುಗುವುದೆಂದು ವಾಚಕರು ಭಾವಿಸಬಾರದು. ಒಂದೇ ರಸ್ತೆಯಲ್ಲಿ ಸಾಗುವ ಎರಡು ಗಾಡಿಗಳಲ್ಲಿ ಒಂದು ನಿಧಾನವಾದಂತೆ ಮಾತ್ರ.

ಕಾಂತಶಕ್ತಿಯು ಒಳತಿರುಳನ್ನು ಎಳೆಯುವುದು. ಭೂಮಿಯ ಮೇಲಿನ ಪದರದ ಅಸಮವಾದ ದ್ರವ್ಯರಾಶಿಯು ಗುರುತ್ವದಿಂದ ಅದನ್ನು ಮತ್ತೆ ತನ್ನ ಕಡೆಗೆ ಸೆಳೆಯುವುದು. ಒಳಗಿನದರ ವೇಗ ತಗ್ಗಿದರೆ ಹೊರಗಿನದು ಅಷ್ಟರ ಮಟ್ಟಿಗೆ ವೇಗಗೊಳ್ಳುವುದು. ದಿನವು ಸೆಕೆಂಡಿನ ಸಹಸ್ರಾಂಶಕ್ಕಿಂತಲೂ ಕಡಮೆ ಪ್ರಮಾಣದಲ್ಲಿ ಕುಗ್ಗುವುದು. ನಾವು ನಿಂತ ನೆಲದ ಗುರುತ್ವದಲ್ಲಿ ಆಗುವ ಭೇದವಂತೂ ಇನ್ನೂ ಅತ್ಯಲ್ಪ. ಬೇತಮಂಗಲದ ಕೆರೆ ಮಳೆಗಾಲದಲ್ಲಿ ತುಂಬಿದರೆ, ಆ ನೀರಿನ ಸೆಳೆತವು ಕೆರೆಯ ಮಗ್ಗುಲಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಇಷ್ಟು ಸೂಕ್ಷ್ಮವಾದುದನ್ನು ಕೇಳುವ ಕಿವಿಗಳು ಬಂದುದೆಲ್ಲಿಂದ? ಪರಮಾಣು ಬಾಂಬಿನ ಭಯದಿಂದ. ಅಮೆರಿಕವು 1969 ಮತ್ತು 1971ರಲ್ಲಿ ಅಮ್ಚಿಟ್ಕಾ ದ್ವೀಪದ ನೆಲದೊಳಗೆ ಸಿಡಿಸಿದ ಬಾಂಬುಗಳ ಅಲೆಗಳು ಮೊಂಟಾನಾದ ಕಂಪಮಾಪಕಗಳಲ್ಲಿ ದಾಖಲಾದುವು. 2022ರಲ್ಲಿ ಅವುಗಳಿಂದಲೇ ಒಳತಿರುಳಿನ ಓಲಾಟವನ್ನು ಎಣಿಸಿದರು. ಅಂತಹುದೇ ಒಂದು ಕಂಪಮಾಪಕ ಸಮೂಹವನ್ನು 1960ರ ದಶಕದಲ್ಲಿ ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರಿನಲ್ಲಿ ಸ್ಥಾಪಿಸಿದರು.

ಆದರೆ ನೆಲದ ಕಂಪಕ್ಕೆ ಕಿವಿಗೊಡುವ ವಿದ್ಯೆಯನ್ನು ಗಣಿಯ ಹೆಂಗಸರಿಗೆ ಯಾರೂ ಕಲಿಸಬೇಕಿರಲಿಲ್ಲ. ಆಳದಲ್ಲಿ ಬಂಡೆ ಸಿಡಿದಾಗ ಮೇಲೆ ಮನೆಗಳು ನಡುಗುತ್ತಿದ್ದುವು. ಕೆಳಗಿಳಿದವನು ಹಿಂದಿರುಗುವನೋ ಇಲ್ಲವೋ ಎಂಬುದೇ ಅವರ ಪ್ರಶ್ನೆ. ಶಾಸ್ತ್ರಜ್ಞನಿಗೆ ವಾರ್ತೆಯಾದ ಕಂಪವು ಅವರಿಗೆ ಕೇಡಿನ ಸೂಚನೆ. 1988ರಲ್ಲಿ ಶಿಲಾಬಲವನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆಯೊಂದು ಅಲ್ಲಿಯೇ ಹುಟ್ಟಿತು. 2001ರಲ್ಲಿ ಗಣಿಗಳು ಮುಚ್ಚಿದುವು. ಭೂಗರ್ಭದ ಚರಿತ್ರೆಯನ್ನು ಬರೆಯುವವರು ಓಲ್ಡ್‌ಹ್ಯಾಮ್, ಲೇಮನ್‌ರ ಹೆಸರಿನೊಡನೆ, ಆ ನಡುಗುವ ಮನೆಗಳ ಬಾಗಿಲಲ್ಲಿ ಕಾದು ನಿಂತವರನ್ನೂ ನೆನೆಯುವುದು ನ್ಯಾಯ.