ಕಲ್ಯಾಣದಿಂದ ಸಾಂಖಳಿಗೆ: ನಮ್ಮ ಮನೆಯ ಎರಡು ಕಾನೂನುಗಳು

ಗೋವೆಯಲ್ಲಿ ಮದುವೆಯಾಗುವವರು ನೋಂದಣಿ ಕಚೇರಿಯಲ್ಲಿ ಎರಡು ಬಾರಿ ಸಹಿ ಮಾಡಬೇಕು ಎಂಬುದು ಸಾಂಖಳಿಯ ಕನ್ನಡಿಗರಿಗೆಲ್ಲ ತಿಳಿದ ಸಂಗತಿ. ನಮ್ಮ ಧಾರವಾಡ, ಗದಗ, ವಿಜಯಪುರಗಳ ಕಡೆ ಅಕ್ಷತೆ ಬಿದ್ದರೆ ಮದುವೆ ಮುಗಿಯಿತು. ಇಲ್ಲಿ ಎರಡನೆಯ ಸಹಿ ಬೀಳುವವರೆಗೆ ಕಾನೂನಿನ ಮಟ್ಟಿಗೆ ಮದುವೆಯೇ ಆಗಿಲ್ಲ. ಚೋರ್ಲಾ ಘಾಟಿನ ಆಚೆಗೊಂದು, ಈಚೆಗೊಂದು ನ್ಯಾಯವೇಕೆ? ಇದನ್ನು ತಿಳಿಯಲು ಕಾನೂನು ಹುಟ್ಟುವ ಬಗೆಯನ್ನೇ ವಿಚಾರಿಸಬೇಕಾಗುತ್ತದೆ.

ಮೊದಲು ನಮ್ಮ ಕಡೆಯದನ್ನೇ ನೋಡೋಣ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಅದು ಮುಂದೆ ಬಂಗಾಳದ ಹೊರಗೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯ ಕಾನೂನಾಯಿತು. ಬಂಗಾಳದಲ್ಲಿ ಜೀಮೂತವಾಹನನ 'ದಾಯಭಾಗ'ವು ನಡೆಯಿತು. ಬಸವಕಲ್ಯಾಣದಲ್ಲಿ ಕುಳಿತು ಬರೆದ ಗ್ರಂಥವೊಂದು ಶತಮಾನಗಳ ನಂತರ ಲಂಡನ್ನಿನ ಪ್ರಿವಿ ಕೌನ್ಸಿಲಿನಲ್ಲಿ ಚರ್ಚೆಯಾಯಿತೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಮಾತು. ಆದರೂ ನಮ್ಮ ಸಮ್ಮೇಳನಗಳಲ್ಲಿ ಕವಿಗಳ ಹೆಸರು ಕೇಳಿಬರುವಷ್ಟು ವಿಜ್ಞಾನೇಶ್ವರನ ಹೆಸರು ಕೇಳಿಬರುವುದಿಲ್ಲ.

ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕುಂಟು ಎಂಬುದು ಮಿತಾಕ್ಷರಾದ ಪ್ರಸಿದ್ಧ ಸಿದ್ಧಾಂತ. ನಮಗೆ ಇನ್ನೂ ದೊಡ್ಡದಾಗಿ ಕಾಣುವುದು ಅದರ ಹಿಂದಿನ ವಾದ. ಸ್ವತ್ತಿನ ಮೇಲಿನ ಒಡೆತನ ಶಾಸ್ತ್ರದಿಂದ ಬಂದದ್ದಲ್ಲ, ಅದು ಲೌಕಿಕ ಎನ್ನುತ್ತಾನೆ ವಿಜ್ಞಾನೇಶ್ವರ. ಶಾಸ್ತ್ರವನ್ನೇ ಅರಿಯದ ಗಡಿನಾಡಿನ ಜನರಲ್ಲೂ ಕೊಳ್ಳುವುದು, ಮಾರುವುದು ನಡೆಯುತ್ತದಲ್ಲವೇ ಎಂಬುದು ಅವನ ಆಧಾರ. ಹಿರಿಯ ಮಗನಿಗೆ ಹೆಚ್ಚು ಪಾಲು ಕೊಡುವ ವಿಧಿ ಶಾಸ್ತ್ರದಲ್ಲಿದ್ದರೂ ಲೋಕವು ಅದನ್ನು ಒಲ್ಲದಿರುವುದರಿಂದ ಆಚರಿಸಬಾರದು ಎಂದೂ ಅವನು ಹೇಳುತ್ತಾನೆ. ಜನರ ರೂಢಿ ಮೊದಲು, ಗ್ರಂಥ ಆಮೇಲೆ ಎಂಬ ತಿಳಿವು ಇದರಲ್ಲಿದೆ. ಆ ವಿಕ್ರಮಾದಿತ್ಯನ ಮಗಳು ಮೈಲಲದೇವಿಯನ್ನು ಮದುವೆಯಾದವನು ಗೋವೆಯ ಕದಂಬ ಅರಸ ಇಮ್ಮಡಿ ಜಯಕೇಶಿ. ಕಲ್ಯಾಣಕ್ಕೂ ಗೋವೆಗೂ ನಂಟು ಇಂದಿನದಲ್ಲ.

ಇನ್ನೊಂದು ಪರಂಪರೆ ಕಡಲಿನಿಂದ ಬಂದಿತು. ರೋಮಿನ ಹನ್ನೆರಡು ಫಲಕಗಳು ಕ್ರಿ.ಪೂ. ಐದನೆಯ ಶತಮಾನದವು. ಚಕ್ರವರ್ತಿ ಜಸ್ಟಿನಿಯನ್ ಕ್ರಿ.ಶ. 529ರಿಂದ 534ರವರೆಗೆ ರೋಮನ್ ಕಾನೂನನ್ನೆಲ್ಲ ಸಂಕಲಿಸಿದನು. ಆ ಬೇರಿನಿಂದ ಚಿಗುರಿದ್ದೇ 1804ರ ಫ್ರಾನ್ಸಿನ ನೆಪೋಲಿಯನ್ ಸಂಹಿತೆ, 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆ. ಇಂಗ್ಲೆಂಡಿನವರ ದಾರಿ ಬೇರೆ. ಅಲ್ಲಿ ನ್ಯಾಯಾಧೀಶರ ತೀರ್ಪುಗಳೇ ಒಂದರ ಮೇಲೊಂದು ಸೇರಿ ಕಾನೂನಾದವು.

1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಕೂಡಲೇ ತಮ್ಮ ಕಾನೂನನ್ನೇ ಪೂರ್ತಿಯಾಗಿ ಹೇರಲಿಲ್ಲ. ಊರಿನ ಮೂಲ ನಿವಾಸಿಗಳು ನೆಲವನ್ನು ಒಟ್ಟಾಗಿ ನಿರ್ವಹಿಸುತ್ತಿದ್ದ ಗಾಂವ್ಕಾರಿ ಪದ್ಧತಿಯ ಕಟ್ಟಳೆಗಳನ್ನು 1526ರಲ್ಲಿ ಬರೆಸಿಟ್ಟರು. ಕಂದಾಯ ತಪ್ಪಬಾರದೆಂಬ ಲೆಕ್ಕಾಚಾರ ಇದರಲ್ಲಿತ್ತೆಂಬುದನ್ನು ಮರೆಯಬಾರದು. ಸಾಂಖಳಿ, ಸತ್ತರಿಗಳು ಅವರ ಕೈಸೇರಿದ್ದು ಹದಿನೆಂಟನೆಯ ಶತಮಾನದಲ್ಲಿ. 'ಹೊಸ ಗೆಲುವಿನ ನಾಡು' ಎನಿಸಿಕೊಂಡ ಈ ಭಾಗದ ರೂಢಿಗಳಿಗೆಂದು 1853ರಲ್ಲಿ ಪ್ರತ್ಯೇಕ ಸಂಹಿತೆಯೇ ಬಂತು. 1870ರಲ್ಲಿ ಸಿವಿಲ್ ಸಂಹಿತೆ ಗೋವೆಯಲ್ಲಿ ಜಾರಿಯಾಯಿತು. 1880ರಲ್ಲಿ ಗೋವೆಯ ಹಿಂದೂಗಳ ರೂಢಿಗಳಿಗೆ ಮತ್ತೊಂದು ಸಂಹಿತೆ. ಹೆಂಡತಿಗೆ ಮಕ್ಕಳಾಗದಿದ್ದರೆ ಕೆಲವು ಷರತ್ತುಗಳ ಮೇಲೆ ಎರಡನೆಯ ಮದುವೆಗೆ ಅದು ಅವಕಾಶ ಕೊಟ್ಟಿತ್ತು. ಎಲ್ಲರಿಗೂ ಒಂದೇ ಕಾನೂನೆಂದು ಗೋವೆಯನ್ನು ಹೊಗಳುವವರು ಈ ಪುಟವನ್ನು ಸಾಮಾನ್ಯವಾಗಿ ಓದುವುದಿಲ್ಲ.

1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಗೊಂಡಿತು. 1962ರ ಆಡಳಿತ ಕಾಯ್ದೆಯು, ಬದಲಾಯಿಸುವವರೆಗೆ ಹಳೆಯ ಕಾನೂನುಗಳೇ ನಡೆಯಲಿ ಎಂದಿತು. ಪೋರ್ಚುಗಲ್ ದೇಶವೇ 1966ರಲ್ಲಿ ಹಳೆಯ ಸಂಹಿತೆಯನ್ನು ಕೈಬಿಟ್ಟು ಹೊಸದನ್ನು ತಂದುಕೊಂಡಿತು. ತವರಿನಲ್ಲಿ ಇಲ್ಲವಾದ ಕಾನೂನು ಗೋವೆಯಲ್ಲಿ ಬದುಕಿ ಉಳಿಯಿತು! ಅದರ ಉತ್ತರಾಧಿಕಾರದ ಭಾಗವನ್ನು ಗೋವಾ ವಿಧಾನಸಭೆ 2012ರ ಕಾಯ್ದೆಯಾಗಿ ಮರುರಚಿಸಿತು. ಅದು 2016ರಲ್ಲಿ ಜಾರಿಗೆ ಬಂತು.

ಇದರ ತಿರುಳನ್ನು ಆಣೆಯ ಲೆಕ್ಕದಲ್ಲಿ ಹೇಳಬಹುದು. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ದಂಪತಿಗಳ ಆಸ್ತಿ ಒಂದಾಗುತ್ತದೆ. ಒಟ್ಟು ಒಂದು ರೂಪಾಯಿಯಾದರೆ ಎಂಟಾಣೆ ಹೆಂಡತಿಯದು. ಅದು ಅವಳದೇ, ಗಂಡ ಕೊಟ್ಟದ್ದಲ್ಲ. ಮಕ್ಕಳಿರುವ ಗಂಡ ತನ್ನ ಎಂಟಾಣೆಯಲ್ಲಿ ನಾಲ್ಕಾಣೆಯನ್ನು ಮಾತ್ರ ಮೃತ್ಯುಪತ್ರದ ಮೂಲಕ ಇಷ್ಟಬಂದವರಿಗೆ ಬರೆಯಬಲ್ಲ. ಉಳಿದ ನಾಲ್ಕಾಣೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಘಟ್ಟದ ಮೇಲೆ ಸ್ವಯಾರ್ಜಿತವನ್ನು ಪೂರ್ತಿಯಾಗಿ ಯಾರಿಗಾದರೂ ಬರೆದುಕೊಡಬಹುದು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಂತೆ ಹುಟ್ಟಿನ ಹಕ್ಕು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ಅದೂ ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ, ಬಂತು, ದೇಶಕ್ಕೆಲ್ಲ 2005ರಲ್ಲಿ. ಹೆಣ್ಣಿನ ಮಟ್ಟಿಗೆ ಗೋವೆಯ ಕಾನೂನು ಬಹುಕಾಲ ಮುಂದಿತ್ತೆಂದು ನಾವು ಒಪ್ಪಲೇಬೇಕು.

ಆದರೆ ಕಾಗದದ ಹಕ್ಕು ಕೈಗೆ ಬರುವುದು ಬೇರೆ ಮಾತು. ಅಣ್ಣತಮ್ಮಂದಿರ ಮುಖ ನೋಡಿ, ತವರಿನ ಅರಿಶಿನ ಕುಂಕುಮ ತಪ್ಪದಿರಲೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಹೆಣ್ಣುಮಕ್ಕಳು ಘಟ್ಟದ ಎರಡೂ ಕಡೆ ಇದ್ದಾರೆ. ಇಂದಿಗೂ ಅಲ್ಲಿ ರೂಢಿಯೇ ಮೊದಲು, ಗ್ರಂಥ ಆಮೇಲೆ. ವಿಜ್ಞಾನೇಶ್ವರ ಕಂಡ ರೂಢಿಯ ಬಲಕ್ಕೆ ಇಂಥ ಮುಖವೂ ಉಂಟು.

ನಮ್ಮಲ್ಲಿ ಎಷ್ಟೋ ಮನೆತನಗಳಿಗೆ ಊರಿನಲ್ಲಿ ಹೊಲ, ಇಲ್ಲಿ ಮನೆ. ಗೋವೆಯಲ್ಲಿ ಕಾಯಂ ನೆಲೆ ಹೊಂದಿದ ಗೋವೆಯವರ ಆಸ್ತಿ ಭಾರತದಲ್ಲಿ ಎಲ್ಲೇ ಇದ್ದರೂ ಅದರ ಉತ್ತರಾಧಿಕಾರಕ್ಕೆ ಗೋವೆಯ ಕಾನೂನೇ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ 2019ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿದೆ. ಘಟ್ಟ ಇಳಿದು ಬಂದು ನೆಲೆಸಿದ ನಮ್ಮ ಕಾಯಂ ನೆಲೆ ಯಾವುದು, ಎಂದಿನಿಂದ ಎಂಬುದು ಒಂದೊಂದು ಮನೆಯಲ್ಲೂ ಒಂದೊಂದು ಬಗೆ. ಅದನ್ನು ಹಿರಿಯರು ಇರುವಾಗಲೇ, ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು, ಬಲ್ಲ ವಕೀಲರ ಮುಂದೆ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು.