ಹೊತ್ತನ್ನು ಕೂಡಿಡಲು ಬರುವುದಿಲ್ಲ

ಓದುಗರೊಬ್ಬರು ಕಾಗದ ಬರೆದಿದ್ದಾರೆ. ಅವರ ಮಗಳು ಶಾಲೆಯ ಪ್ರಬಂಧದಲ್ಲಿ ‘ಸಂಜೆ ಹೊತ್ತು ಅಜ್ಜಿ ಜೊತೆ ಕೂರುತ್ತೇನೆ’ ಎಂದು ಬರೆದಳಂತೆ. ಮೇಡಂ ‘ಹೊತ್ತು’ ಹೊಡೆದುಹಾಕಿ ಮೇಲೆ ಕೆಂಪು ಶಾಯಿಯಲ್ಲಿ ‘ಸಮಯ’ ಎಂದು ತಿದ್ದಿದರಂತೆ. ಹೊತ್ತು ಆಡುಮಾತು, ಬರವಣಿಗೆಗೆ ಸಲ್ಲದು ಎಂಬುದು ಅವರು ಕೊಟ್ಟ ಕಾರಣ. ಮಗು ಬರೆದದ್ದೇ ಸರಿ ಎಂದು ಒಂದು ಸಾಲಿನಲ್ಲಿ ಉತ್ತರಿಸಬಹುದಿತ್ತು. ಅಷ್ಟಕ್ಕೇ ಬಿಡಲು ಮನಸ್ಸಾಗುತ್ತಿಲ್ಲ.

ಹಳಗನ್ನಡದ ‘ಪೊೞ್ತು’ ಹೊತ್ತಾದ ದಾರಿಯನ್ನು ನಿಘಂಟಿನಲ್ಲಿ ನೋಡಿಕೊಳ್ಳಬಹುದು. ನನ್ನನ್ನು ಸೆಳೆಯುವುದು ಬೇರೆ. ಹೊತ್ತು ಹುಟ್ಟುತ್ತದೆ, ಏರುತ್ತದೆ, ಇಳಿಯುತ್ತದೆ, ಮುಳುಗುತ್ತದೆ. ನಮ್ಮ ಹಿರಿಯರ ಬಾಯಲ್ಲಿ ಸೂರ್ಯನಿಗೂ ಕಾಲಕ್ಕೂ ಒಂದೇ ಹೆಸರು. ‘ಇವತ್ತು’ ಅನ್ನುವುದೂ ‘ಈ ಹೊತ್ತು’ ತಾನೆ? 1906ರಲ್ಲಿ ಭಾರತೀಯ ಕಾಲಮಾನ ಜಾರಿಗೆ ಬಂತು, ಈಗ ಕೋಲಾರಕ್ಕೂ ಮಂಗಳೂರಿಗೂ ಗಡಿಯಾರ ಒಂದೇ. ಹೊತ್ತು ಮಾತ್ರ ಒಂದಲ್ಲ. ಕೋಲಾರದಲ್ಲಿ ನೆತ್ತಿಗೆ ಬಂದ ಸೂರ್ಯ ಮಂಗಳೂರಿನ ನೆತ್ತಿಗೆ ಬರಲು ಇನ್ನೂ ಸುಮಾರು 13 ನಿಮಿಷ ಬೇಕು.

ನನ್ನದೊಂದು ವಾದವಿದೆ, ಭಾಷಾವಿಜ್ಞಾನಿಗಳು ಒಪ್ಪದಿದ್ದರೂ ಬಿಡಲಾರೆ. ಹೊತ್ತಿನ ಅಳತೆಯನ್ನು ಕನ್ನಡಿಗ ಕಲಿತದ್ದು ಹೊಟ್ಟೆಯಿಂದ. ‘ಮೂರು ಹೊತ್ತು’ ಎಂದರೆ ಮೂರು ಊಟ. ಹಬ್ಬ ಹರಿದಿನ ಬಂದರೆ ಮನೆಯ ಹೆಂಗಸರು ಇವತ್ತಿಗೂ ‘ಒಪ್ಪೊತ್ತು’ ಇರುತ್ತಾರೆ, ಒಂದೇ ಸಲ ಉಣ್ಣುತ್ತಾರೆ. ಆ ಒಪ್ಪೊತ್ತಿನೊಳಗೆ ಹಳೆಯ ಪಕಾರ ಕೂಡ ಸವೆಯದೆ ಕೂತಿದೆ. ಹಸಿವಿಗೂ ಊಟಕ್ಕೂ ಕಟ್ಟಿಹಾಕಿದ ಪದ ಇದು. ಆದ್ದರಿಂದಲೇ ಹೊತ್ತನ್ನು ಯಾರೂ ಕೂಡಿಡುವ ಮಾತಾಡುವುದಿಲ್ಲ. ಬಂದ ಹೊತ್ತಿಗೆ ಉಂಡು ಮುಗಿಸಬೇಕು, ಬೆಳಗಿನದನ್ನು ರಾತ್ರಿಗೆ ಉಣ್ಣಲಾಗದು. ‘ಟೈಮ್’ ಬಂದ ಮೇಲೆ ನಮ್ಮ ನಾಲಿಗೆಗೆ ಬ್ಯಾಂಕಿನ ಭಾಷೆ ಹತ್ತಿತು: ಟೈಮ್ ಸೇವ್ ಮಾಡಿದೆ, ಟೈಮ್ ಇನ್ವೆಸ್ಟ್ ಮಾಡಿದೆ. ಉಳಿಸಿದ್ದನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿದರೆ ಉತ್ತರವಿಲ್ಲ. ಇದರ ಬೆನ್ನಿಗೇ ಹೆಚ್ಚಿಕೊಂಡ ಇನ್ನೊಂದು ಪದ ‘ಒಂದಿನ’. ಒಂದಿನ ಬರ್ತೀನಿ ಅತ್ತೆ, ಒಂದಿನ ಎಲ್ಲಾ ಸೇರಿ ಜೋಗಕ್ಕೆ ಹೋಗೋಣ. ಯಾವ ಪಂಚಾಂಗದಲ್ಲೂ ಇಲ್ಲದ ದಿನ ಅದು.

ಹೊತ್ತಿನ ಬೆಲೆ ಹೇಳುವ ಗಾದೆಯೊಂದು ನಮ್ಮಲ್ಲಿದೆ, ಅದಕ್ಕೂ ಈಗ ಕೆಟ್ಟ ಕಾಲ. ‘ಗಾಳಿ ಬಂದಾಗ ತೂರಿಕೋ.’ ಪಕ್ಷ ಬಿಟ್ಟು ಪಕ್ಷ ಸೇರಿದವರ ಸುದ್ದಿಗೆ ಪತ್ರಿಕೆಗಳು ಇದನ್ನೇ ತಲೆಬರಹ ಮಾಡುತ್ತವೆ. ಹೀಗೆ ಬಳಸುವವರು ಕಣ ಕಂಡಿಲ್ಲ ಎಂದೇ ನನಗೆ ಅನ್ನಿಸುವುದು. ನಾನು ಕಂಡಿದ್ದೇನೆ. ಸಗಣಿ ಬಳಿದು ಗಟ್ಟಿಮಾಡಿದ ಕಣ, ಎತ್ತು ಎಳೆಯುವ ಕಲ್ಲುಗುಂಡಿನಡಿ ರಾಗಿ ಒಕ್ಕಿಯಾಗಿದೆ. ಇನ್ನು ತೂರಬೇಕು. ತಾತ ಮೊರವನ್ನು ತಲೆಗಿಂತ ಎತ್ತರಕ್ಕೆ ಹಿಡಿದು ಅಂಚನ್ನು ಅಲುಗಿಸುತ್ತಾ ಸುರಿಯುತ್ತಿದ್ದರು. ಗಟ್ಟಿಕಾಳು ನೇರ ಅವರ ಕಾಲ ಬುಡಕ್ಕೆ, ಜೊಳ್ಳು ಮಾರು ದೂರಕ್ಕೆ, ಹೊಟ್ಟು ಬೇಲಿಯ ಆಚೆಗೆ. ಗಾಳಿ ನಿಂತರೆ ಮೂರೂ ಒಟ್ಟಿಗೆ ಬೀಳುತ್ತವೆ. ಆಗ ಮೊರ ಇಳಿಸಿ ಕೂರಬೇಕು, ಬೇರೆ ದಾರಿಯಿಲ್ಲ. ಒಂದು ಮಧ್ಯಾಹ್ನ ತಟ್ಟೆಗೆ ಮುದ್ದೆ ಬಿದ್ದಿತ್ತು, ಒಂದು ತುತ್ತು ಮುರಿದಿದ್ದರು, ಹೊಂಗೆ ಮರ ಅಲುಗಾಡಿತು. ಎದ್ದೇಬಿಟ್ಟರು. ಅಜ್ಜಿ ಗೊಣಗಿದ್ದಕ್ಕೆ ‘ಮುದ್ದೆ ಕಾಯ್ತದೆ, ಗಾಳಿ ಕಾಯಕಿಲ್ಲ ಕಣಮ್ಮಿ’ ಅಂದರು. ಊಟದ ಹೊತ್ತೇ ಗಾಳಿಯ ಹೊತ್ತಿಗೆ ಜಾಗ ಬಿಟ್ಟುಕೊಟ್ಟ ಗಳಿಗೆ ಅದು. ಆ ಸಂಜೆ ರಾಶಿ ಮನೆ ಸೇರಿತು. ಬಿತ್ತಿ, ಕಳೆ ಕಿತ್ತು, ಕೊಯ್ದು, ಒಕ್ಕಿದವನಿಗೆ ಮಾತ್ರ ತೂರಲು ಏನಾದರೂ ಇರುತ್ತದೆ. ಗಾದೆ ಮಾತಾಡುತ್ತಿರುವುದು ಅವನ ಜೊತೆ. ಸಮಯಸಾಧಕರಿಗೆ ಅದನ್ನು ಬಿಟ್ಟುಕೊಟ್ಟದ್ದು ನಮ್ಮ ಅಪಚಾರ.

ತಾತನಿಗೆ ಕೊನೆಗಾಲದಲ್ಲಿ ಕೊರಗು ಇರಲಿಲ್ಲ. ಆಸ್ತಿ ಮಾಡಿದವರಲ್ಲ, ಊರು ಬಿಟ್ಟು ದೂರ ಹೋದವರೂ ಅಲ್ಲ. ‘ನನ್ ಹೊತ್ತು ಇಳೀತು’ ಎಂದು ಸಲೀಸಾಗಿ ಹೇಳುತ್ತಿದ್ದರು. ‘ನನ್ನ ಸಮಯ’ ಎಂದಿದ್ದರೆ ಆ ಸಲೀಸು ಬರುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

‘ಇಗೋ ಕನ್ನಡ’ ಅಂಕಣದಲ್ಲಿ ಇಂಥ ಕಾಗದಗಳಿಗೆ ವರ್ಷಾನುಗಟ್ಟಲೆ ಉತ್ತರ ಬರೆದ ಜಿ. ವೆಂಕಟಸುಬ್ಬಯ್ಯನವರು 107 ವರ್ಷ ಬಾಳಿದರು. ಅಷ್ಟು ದೊಡ್ಡ ಆಯಸ್ಸನ್ನೂ ಹೊತ್ತಿನ ಲೆಕ್ಕಕ್ಕಿಳಿಸಿದರೆ ಹೆಚ್ಚುಕಡಿಮೆ 39,000 ಸೂರ್ಯೋದಯ. ನಮ್ಮಲ್ಲಿ ಬಹುಪಾಲು ಜನರಿಗೆ ಅಷ್ಟೂ ಸಿಗುವುದಿಲ್ಲ, ಸಿಗುವುದರಲ್ಲಿ ಎಷ್ಟೋ ಈಗಾಗಲೇ ಮುಳುಗಿವೆ. ಅದಕ್ಕೇ ಒಂದು ಕೋರಿಕೆ. ನಿಮ್ಮವರು ಯಾರಾದರೂ ‘ಒಂದಿನ ಬರ್ತೀನಿ’ ಅಂದರೆ ಸುಮ್ಮನೆ ತಲೆಯಾಡಿಸಬೇಡಿ. ‘ಯಾವೊತ್ತು?’ ಎಂದು ಕೇಳಿ, ಉತ್ತರ ಬರುವ ತನಕ ಬಿಡಬೇಡಿ.