ಬಿದರಿಯ ಕಪ್ಪು ಮಾಸಿದಾಗ

ನಿಮ್ಮ ಮನೆಯ ಷೋಕೇಸಿನಲ್ಲೂ ಒಂದು ಬಿದರಿ ವಸ್ತು ಇದ್ದೀತು. ಸನ್ಮಾನದಲ್ಲಿ ಬಂದ ಹೂದಾನಿಯೋ, ಬೀದರ ನಗರಕ್ಕೆ ಹೋದಾಗ ಕೊಂಡ ತಟ್ಟೆಯೋ. ತಂದ ದಿನ ಅದು ಕಾಡಿಗೆಯಂತೆ ಕಪ್ಪಾಗಿತ್ತು. ಕಪ್ಪಿನ ನಡುವೆ ಬೆಳ್ಳಿಯ ಬಳ್ಳಿ ಮಿನುಗುತ್ತಿತ್ತು. ಹತ್ತು ವರ್ಷ ಕಳೆದ ಮೇಲೆ ನೋಡಿ. ಬೆಳ್ಳಿ ಕಂದಿದೆ, ಕಪ್ಪು ಬೂದಿಯಾಗಿದೆ. ಆಗ ನಾವು ಮಾಡುವ ಮೊದಲ ಕೆಲಸ ಅದನ್ನು ತಿಕ್ಕುವುದು.

ಭಾಲ್ಕಿಯ ಪರಿಚಿತರೊಬ್ಬರ ಮನೆಯಲ್ಲಿ ಹೀಗೇ ಆಯಿತು. ಅವರ ಅಜ್ಜಿಯ ಕಾಲದ ಬಿದರಿ ಪಾನದಾನವೊಂದಿತ್ತು. ದೀಪಾವಳಿಗೆ ಮನೆಯ ತಾಮ್ರ, ಹಿತ್ತಾಳೆ ಪಾತ್ರೆಗಳ ಸಂಗಡ ಅದಕ್ಕೂ ಹುಣಿಸೆಹಣ್ಣು ಹಚ್ಚಿ ತಿಕ್ಕಿದರು. ಬಿಂದಿಗೆ, ಚೆಂಬು ಥಳಥಳಿಸಿದವು. ಪಾನದಾನ ಮಾತ್ರ ತಗಡಿನ ಡಬ್ಬಿಯಂತೆ ಬೆಳ್ಳಗೆ ಕೂತಿತು. ಬೆಳ್ಳಿಯ ಹೂಬಳ್ಳಿ ಎಲ್ಲಿದೆ ಎಂಬುದೇ ಕಾಣದಾಯಿತು. ಬಿಳಿಯ ಮೇಲೆ ಬಿಳಿ ಹೇಗೆ ಕಂಡೀತು? 'ಬಣ್ಣ ಹೋಯಿತು, ಮತ್ತೆ ಕಪ್ಪು ಪೇಂಟು ಹೊಡೆಸಬಹುದೇ?' ಎಂದು ಅವರು ನನ್ನನ್ನು ಕೇಳಿದರು. ಈ ಲೇಖನಕ್ಕೆ ಆ ಪ್ರಶ್ನೆಯೇ ಕಾರಣ.

ಹೋದದ್ದು ಬಣ್ಣವಲ್ಲ. ಬಿದರಿಯಲ್ಲಿ ಬಣ್ಣವೇ ಇಲ್ಲ. ಇದು ಅರ್ಥವಾಗಲು ತೀರ ಬೇರೆಯದೊಂದು ವಸ್ತುವನ್ನು ಪಕ್ಕದಲ್ಲಿಟ್ಟು ನೋಡೋಣ. ಮಲ್ಪೆ, ಕಾರವಾರದ ದಂಡೆಗಳಲ್ಲಿ ಫೈಬರ್ ದೋಣಿಗಳನ್ನು ನೀವು ಕಂಡಿರಬಹುದು. ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರಾಳ ಸೇರಿಸಿ ದೋಣಿ ಮಾಡುವ ವಿಧಾನ 1940ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಅದರ ಹೊರಮೈಗೆ ಬಣ್ಣ ಬೆರೆಸಿದ ರಾಳದ ಪದರವೊಂದಿರುತ್ತದೆ. ಅದಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬಿಸಿಲಿನ ಅತಿನೇರಳೆ ಕಿರಣಗಳು ರಾಳದ ಅಣುಸರಪಳಿಗಳನ್ನು ತುಂಡರಿಸುತ್ತವೆ. ಬಣ್ಣದ ಕಣಗಳು ಹಿಡಿತ ತಪ್ಪಿ ಮೇಲೆ ಉಳಿಯುತ್ತವೆ. ಬೆರಳಾಡಿಸಿದರೆ ಸೀಮೆಸುಣ್ಣದಂಥ ಪುಡಿ ಅಂಟುತ್ತದೆ. ಇದಕ್ಕೆ ಮದ್ದು ಸುಲಭ. ನೀರು ಹಾಕಿ ನಯವಾದ ಎಮರಿ ಕಾಗದದಿಂದ ಉಜ್ಜಿ, ಪಾಲಿಶ್ ಮಾಡಿ, ಮೇಣ ಹಚ್ಚಿದರೆ ಆಯಿತು. ಸತ್ತ ಪದರ ಹೋಗಿ ಕೆಳಗಿನ ಹೊಸ ಪದರ ಮೇಲೆ ಬರುತ್ತದೆ. ಉಜ್ಜುವುದೇ ಅಲ್ಲಿ ಚಿಕಿತ್ಸೆ, ಏಕೆಂದರೆ ಕೆಳಗೂ ಅದೇ ಬಣ್ಣವಿದೆ.

ಬಿದರಿಯಲ್ಲಿ ಆ 'ಕೆಳಗೆ' ಇಲ್ಲ. ಕಪ್ಪು ಎಂಬುದು ಲೋಹವೇ ತನ್ನ ಮೈಮೇಲೆ ಬೆಳೆಸಿಕೊಂಡ, ಕೂದಲೆಳೆಗಿಂತ ಎಷ್ಟೋ ತೆಳುವಾದ ಚರ್ಮ. ಅದರ ಕೆಳಗಿರುವುದು ಬಿಳಿ ಲೋಹ. ಉಜ್ಜಿದಷ್ಟೂ ಅದೇ ಕಾಣುತ್ತದೆ.

ಆ ಬಿಳಿ ಲೋಹ ಯಾವುದು? ಬಹುಪಾಲು ಸತು. ಈಗ ಬೀದರಿನ ಕುಶಲಕರ್ಮಿಗಳು ಸಾಮಾನ್ಯವಾಗಿ ಹೇಳುವ ಲೆಕ್ಕ 16 ಪಾಲು ಸತುವಿಗೆ 1 ಪಾಲು ತಾಮ್ರ. ಹಳೆಯ ವಸ್ತುಗಳಲ್ಲಿ ಸೀಸ, ತವರಗಳೂ ಅಷ್ಟಿಷ್ಟು ಇರುತ್ತವೆ. ಸತುವಿನ ಕಥೆಯೇ ಸ್ವಾರಸ್ಯವಾದದ್ದು. ಅದು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗುತ್ತದೆ. ಅದಿರಿನಿಂದ ಅದನ್ನು ಬೇರ್ಪಡಿಸಲು ಇನ್ನೂ ಹೆಚ್ಚಿನ ಶಾಖ ಬೇಕು. ಹಾಗಾಗಿ ಕುಲುಮೆಯಲ್ಲಿ ಹುಟ್ಟುವಾಗಲೇ ಸತು ಹೊಗೆಯಾಗಿ ಹಾರಿ, ಗಾಳಿ ತಗುಲಿ ಮತ್ತೆ ಆಕ್ಸೈಡ್ ಆಗಿಬಿಡುತ್ತದೆ. ಆ ಆವಿಯನ್ನು ಗಾಳಿ ಸೋಕದಂತೆ ಕೆಳಕ್ಕೆ ಹರಿಸಿ ತಣಿಸುವ ವಿದ್ಯೆ ರಾಜಸ್ಥಾನದ ಉದಯಪುರದ ಬಳಿಯ ಜಾವರ್‌ನಲ್ಲಿ ಕನಿಷ್ಠ 14ನೆಯ ಶತಮಾನದ ಹೊತ್ತಿಗೆ ದೊಡ್ಡ ಪ್ರಮಾಣದಲ್ಲಿ ನಡೆದಿತ್ತು. ಇಂಗ್ಲೆಂಡಿನಲ್ಲಿ ವಿಲಿಯಂ ಚಾಂಪಿಯನ್ ಇಂಥದೇ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಲೋಹರೂಪದ ಸತು ಕೈಗೆ ಸಿಗದೆ ಬಿದರಿ ಹುಟ್ಟುವಂತಿರಲಿಲ್ಲ.

ಬಿದರಿ ಬೀದರಿಗೆ ಬಂದದ್ದು ಬಹಮನಿ ಸುಲ್ತಾನರ ಕಾಲದಲ್ಲಿ, ಇರಾನಿನ ಕಡೆಯ ಕುಶಲಕರ್ಮಿಗಳಿಂದ ಎಂಬುದು ಪರಂಪರೆಯ ಮಾತು. ಅಹಮದ್ ಷಾ ಗುಲ್ಬರ್ಗದಿಂದ ರಾಜಧಾನಿಯನ್ನು ಇಲ್ಲಿಗೆ ತಂದದ್ದು 15ನೆಯ ಶತಮಾನದ ಮೊದಲರ್ಧದಲ್ಲಿ. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಗಾಜುಲೇಪದ ಹೆಂಚುಗಳನ್ನು ನೋಡಿದವರಿಗೆ ಇರಾನಿನ ನಂಟು ತಾನಾಗಿ ಹೊಳೆಯುತ್ತದೆ. ಆದರೆ ಇಂದು ವಸ್ತುಸಂಗ್ರಹಾಲಯಗಳಲ್ಲಿರುವ ಹಳೆಯ ಬಿದರಿ ವಸ್ತುಗಳು ಬಹುಮಟ್ಟಿಗೆ 17ನೆಯ ಶತಮಾನದವು ಮತ್ತು ಅದರ ಈಚಿನವು. ಹುಕ್ಕಾ ಬುರುಡೆ, ಪಾನದಾನ, ಪೀಕದಾನಿ, ಹೂಜಿ ಹೀಗೆ.

ತಯಾರಿಕೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹರಳೆಣ್ಣೆ, ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಎರಕ. ಅರದಿಂದ ತಿಕ್ಕಿ ನುಣುಪು. ಆಮೇಲೆ ಮೈಲುತುತ್ತದ ದ್ರಾವಣ ಬಳಿಯುತ್ತಾರೆ, ಒಡನೆಯೇ ಮೈ ಕಪ್ಪಾಗುತ್ತದೆ. ಶಾಲೆಯಲ್ಲಿ ಮೈಲುತುತ್ತದ ನೀರಿಗೆ ಸತುವಿನ ಚೂರು ಹಾಕಿದ್ದು ನೆನಪಿದೆಯೆ? ಅದೇ ಕ್ರಿಯೆ. ಸತು ಕರಗಿ, ತಾಮ್ರ ನುಣ್ಣನೆಯ ಕಪ್ಪು ಪುಡಿಯಾಗಿ ಅದರ ಮೇಲೆ ಕೂರುತ್ತದೆ. ಈ ಕಪ್ಪು ಹಲಗೆಯ ಕಪ್ಪಿನಂತೆ ತಾತ್ಕಾಲಿಕ. ಅದರ ಮೇಲೆ ಮೊನೆಯಿಂದ ಗೀರಿದ ಚಿತ್ತಾರ ಬಿಳಿಯಾಗಿ ಕಾಣಲಿ ಎಂದಷ್ಟೇ ಅದು ಬೇಕು. ಗೀರನ್ನು ಉಳಿಯಿಂದ ಆಳವಾಗಿ ಕೆತ್ತಿ ಬೆಳ್ಳಿಯನ್ನು ಬಡಿದು ಕೂರಿಸುತ್ತಾರೆ. ತಂತಿ ಕೂರಿಸಿದರೆ ತಾರ್‌ಕಶಿ, ತಗಡು ಕೂರಿಸಿದರೆ ತೆಹ್‌ನಿಶಾನ್. ಮತ್ತೆ ಅರ ಹಾಕಿದಾಗ ತಾತ್ಕಾಲಿಕ ಕಪ್ಪೆಲ್ಲ ಹೋಗಿ ವಸ್ತು ಪೂರಾ ಬಿಳಿಯಾಗುತ್ತದೆ. ಅಂದರೆ, ಭಾಲ್ಕಿಯ ಪಾನದಾನ ಹುಣಿಸೆ ತಿಂದ ಮೇಲೆ ಬಂದು ನಿಂತದ್ದು ಈ ಹಂತಕ್ಕೇ.

ಇನ್ನು ಕೊನೆಯ ಹಂತ. ವಸ್ತುವನ್ನು ಹದವಾಗಿ ಬಿಸಿ ಮಾಡಿ, ಮಣ್ಣು ಮತ್ತು ನವಸಾಗರವನ್ನು ನೀರಿನಲ್ಲಿ ಕಲಸಿ ಬಳಿಯುತ್ತಾರೆ. ಕೆಲವರು ಆ ನೀರಿನಲ್ಲಿಯೇ ಕುದಿಸುತ್ತಾರೆ. ತೊಳೆದರೆ ಲೋಹ ಕಪ್ಪು, ಬೆಳ್ಳಿ ಬಿಳುಪು. ಎಣ್ಣೆ ಸವರಿದಾಗ ಕಪ್ಪು ಇನ್ನಷ್ಟು ಆಳವಾಗುತ್ತದೆ. ಮಣ್ಣು ಮಾತ್ರ ಎಲ್ಲಿಯದೋ ಆದರೆ ನಡೆಯುವುದಿಲ್ಲ, ಬೀದರ ಕೋಟೆಯ ಹಳೆಯ ಕಟ್ಟಡಗಳೊಳಗಿನ, ಮಳೆ ಬಿಸಿಲು ಕಾಣದ ಮಣ್ಣೇ ಬೇಕು ಎನ್ನುತ್ತಾರೆ. ಒಳ್ಳೆಯ ಮಣ್ಣು ಯಾವುದೆಂದು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಹೇಳುವವರಿದ್ದಾರೆ. ಕೇಳುವವರಿಗೆ ಇದು ದಂತಕಥೆ ಎನಿಸಬಹುದು. ನನಗೂ ಮೊದಲು ಹಾಗೇ ಅನಿಸಿತ್ತು.

ಮಣ್ಣಿನ ರಸಾಯನವನ್ನು ಸ್ವಲ್ಪ ಯೋಚಿಸಿ. ಔರಾದ ತಾಲ್ಲೂಕಿನ ಹೊಲಗಳಲ್ಲಿ, ಭಾಲ್ಕಿಯ ಬಯಲಿನಲ್ಲಿ ಇರುವುದು ಹೆಚ್ಚಾಗಿ ಕರಿ ಎರೆಮಣ್ಣು. ಬೀದರ ನಗರ ನಿಂತಿರುವುದು ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿಯ ಅಂಚಿನಲ್ಲಿ. ವ್ಯತ್ಯಾಸ ಇಲ್ಲೇ ಇರಬೇಕೆಂದು ಯಾರಾದರೂ ಊಹಿಸಿಯಾರು. ಆದರೆ ಕೋಟೆಯ ಹೊರಗಿನ ಕೆಂಪು ಮಣ್ಣೂ ಈ ಕೆಲಸಕ್ಕೆ ಬಾರದು. ಗುಟ್ಟು ಇರುವುದು ಬಂಡೆಯಲ್ಲಿ ಅಲ್ಲ, ಸೂರಿನಲ್ಲಿ. ಜನ, ಕುದುರೆ, ದನ, ಬಾವಲಿ ಶತಮಾನಗಳ ಕಾಲ ಬಾಳಿದ ಜಾಗದ ಮಣ್ಣಿಗೆ ಮೂತ್ರ, ಲದ್ದಿ, ಹಿಕ್ಕೆಗಳಿಂದ ಸಾರಜನಕ ಸೇರುತ್ತದೆ. ಮಣ್ಣಿನ ಬ್ಯಾಕ್ಟೀರಿಯಗಳು ಅದರ ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಈ ಜೀವಿಗಳನ್ನು ರಷ್ಯದ ಸೆರ್ಗೈ ವಿನೊಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದ್ದು 1890ರಲ್ಲಿ. ನೈಟ್ರೇಟುಗಳೆಲ್ಲ ನೀರಿನಲ್ಲಿ ಸುಲಭವಾಗಿ ಕರಗುತ್ತವೆ. ಬಯಲಿನ ಮಣ್ಣಿನಲ್ಲಿ ಒಂದು ಮಳೆಗಾಲ ಸಾಕು, ಇಳಿದುಹೋಗುತ್ತವೆ. ಸೂರಿನ ಕೆಳಗೆ ಹಾಗೇ ಉಳಿದು ಉಪ್ಪುಗಟ್ಟುತ್ತವೆ. 'ಮಳೆ ಕಾಣದ ಮಣ್ಣು' ಎಂಬ ಮಾತಿನಲ್ಲಿ ಇಷ್ಟೂ ಅಡಗಿದೆ. ನಾಲಿಗೆ ಹುಡುಕುತ್ತಿದ್ದದ್ದು ಪೆಟ್ಲುಪ್ಪಿನ ತಣ್ಣನೆಯ ಉಪ್ಪು ರುಚಿಯನ್ನು.

ಪೆಟ್ಲುಪ್ಪು ಎಂದೊಡನೆ ಸಿಡಿಮದ್ದು ನೆನಪಾಗಬೇಕು. ಅದರ ಮುಖ್ಯ ಅಂಶವೇ ಇದು. 1657ರಲ್ಲಿ ಔರಂಗಜೇಬ ಬೀದರಿಗೆ ಮುತ್ತಿಗೆ ಹಾಕಿದಾಗ ಬುರುಜಿನಲ್ಲಿದ್ದ ಮದ್ದಿಗೆ ಕಿಡಿ ತಗುಲಿ ಸ್ಫೋಟವಾಯಿತು. ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ್ ಅದರಲ್ಲಿ ತೀವ್ರವಾಗಿ ಗಾಯಗೊಂಡ. ಕೋಟೆ ಮೊಗಲರ ವಶವಾಯಿತು. ಬುರುಜನ್ನು ಸಿಡಿಸಿದ ಲವಣದ ಬಂಧುವೇ ಹುಕ್ಕಾ ಬುರುಡೆಗೆ ಕಪ್ಪು ಕೊಟ್ಟಿತು.

ಬಿದರಿ ಕೆಲಸ ಬೀದರಿಗಷ್ಟೇ ಸೀಮಿತವಾಗಿರಲಿಲ್ಲ. ಹೈದರಾಬಾದ್, ಲಖನೌ, ಮುರ್ಷಿದಾಬಾದ್, ಬಿಹಾರದ ಪೂರ್ಣಿಯಾಗಳಲ್ಲೂ ನಡೆಯುತ್ತಿತ್ತು. ಅಲ್ಲಿನವರೆಲ್ಲ ಬೀದರ ಕೋಟೆಯ ಮಣ್ಣು ಹೊತ್ತೊಯ್ದಿರಲಿಕ್ಕಿಲ್ಲ. ಬಿಹಾರವಂತೂ ಈಸ್ಟ್ ಇಂಡಿಯಾ ಕಂಪನಿಗೆ ಪೆಟ್ಲುಪ್ಪು ಒದಗಿಸುತ್ತಿದ್ದ ಪ್ರಾಂತ. ಲವಣ ಸಿಕ್ಕರೆ ಸಾಕು, ಕೋಟೆ ಬೇಡ ಎಂಬುದಕ್ಕೆ ಇದು ಸಾಕ್ಷಿ ಎಂದು ನನ್ನ ಎಣಿಕೆ. ಕಂಪನಿಯ ಸೇವೆಯಲ್ಲಿದ್ದ ಬೆಂಜಮಿನ್ ಹೈನೆ ಎಂಬ ನಿಸರ್ಗವಿಜ್ಞಾನಿ 1814ರಲ್ಲಿ ಪ್ರಕಟಿಸಿದ ತನ್ನ ಭಾರತ ಕುರಿತ ಗ್ರಂಥದಲ್ಲಿ ಬಿದರಿಯ ಮಿಶ್ರಣವನ್ನೂ ವಿಧಾನವನ್ನೂ ಬರೆದಿಟ್ಟ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದರಿ ಎಲ್ಲರ ಕಣ್ಣಿಗೆ ಬಿತ್ತು. ಆದರೂ ಆ ಕಪ್ಪು ಏನು ಎಂಬುದನ್ನು ಉಪಕರಣಗಳಿಂದ ಹುಡುಕಿದ್ದು ತೀರ ಈಚೆಗೆ. ಸೂಸನ್ ಲಾ ನೀಸ್ ಮತ್ತು ಗ್ರೇಮ್ ಮಾರ್ಟಿನ್ 1987ರಲ್ಲಿ ಬಿದರಿಯ ತಾಂತ್ರಿಕ ಪರೀಕ್ಷೆಯನ್ನು ಪ್ರಕಟಿಸಿದರು.

ತಿಳಿದುಬಂದ ಮುಖ್ಯ ಸಂಗತಿಯೆಂದರೆ, ತಾಮ್ರವಿಲ್ಲದೆ ಈ ಕಪ್ಪು ಇಲ್ಲ. ಶುದ್ಧ ಸತುವಿಗೆ ಅದೇ ಮಣ್ಣು ಬಳಿದರೆ ಬರೀ ಬೂದು. ಮಿಶ್ರಲೋಹದಲ್ಲಾದರೆ ನವಸಾಗರದ ನೀರು ಹೊರಮೈಯ ಚುರುಕು ಲೋಹವಾದ ಸತುವನ್ನು ಮೊದಲು ಕರಗಿಸುತ್ತದೆ. ಜಡಸ್ವಭಾವದ ತಾಮ್ರ ಹಿಂದುಳಿದು ಒಟ್ಟುಗೂಡುತ್ತದೆ. ನೈಟ್ರೇಟಿನ ಸಹಾಯದಿಂದ ಅದು ಆಕ್ಸೈಡ್ ಆಗಿ ಕಪ್ಪು ಪದರ ಕಟ್ಟುತ್ತದೆ. ದ್ರಾವಣದ ಈ ಹದಕ್ಕೆ ಬೆಳ್ಳಿ ಮಣಿಯುವುದಿಲ್ಲ. ಜಪಾನಿನ ಕತ್ತಿಗಾರರ ಷಾಕುಡೊ ಕೂಡ ಹೀಗೇ ಲೋಹದ ಮೈಯಿಂದಲೇ ಕಪ್ಪು ಬರಿಸುವ ವಿದ್ಯೆ. ಅಲ್ಲಿ ತಾಮ್ರವೇ ಹೆಚ್ಚು, ಬೆರಕೆ ನೂರಕ್ಕೆ ನಾಲ್ಕೈದು ಪಾಲು ಚಿನ್ನ. ನಮ್ಮವರು ಚಿನ್ನದ ಖರ್ಚಿಲ್ಲದೆ, ಅಗ್ಗದ ಸತುವಿನಿಂದ, ಪಾಳು ಕೋಣೆಯ ಮಣ್ಣಿನಿಂದ ಅದನ್ನು ಸಾಧಿಸಿದರು.

ಹಾಗಾದರೆ ನಿಮ್ಮ ಹೂದಾನಿಗೆ ಏನು ಮಾಡಬೇಕು? ಮೊದಲು, ಏನು ಮಾಡಬಾರದು ಎಂಬುದು. ಹುಣಿಸೆ, ನಿಂಬೆ ಬೇಡ. ಸತು ಆಮ್ಲಕ್ಕೆ ಕರಗುತ್ತದೆ. ವಾಷಿಂಗ್ ಸೋಡ ಬೇಡ; ಸತು ಕ್ಷಾರಕ್ಕೂ ಕರಗುತ್ತದೆ. ಟೂತ್‌ಪೇಸ್ಟ್, ಬೂದಿ, ಲೋಹದ ಪಾಲಿಶ್ ಬೇಡ. ಬೆಳ್ಳಿ ಬೆಳಗುವ ನೆಪದಲ್ಲಿ ಸುತ್ತಲಿನ ಕಪ್ಪನ್ನು ಕೆರೆದುಬಿಡುತ್ತವೆ. ಅರ್ಧಕ್ಕಿಂತ ಹೆಚ್ಚು ಸಲ ಬೂದುಬಣ್ಣಕ್ಕೆ ಕಾರಣ ಧೂಳು ಮತ್ತು ಒಣಗಿದ ಎಣ್ಣೆ ಅಷ್ಟೇ ಆಗಿರುತ್ತದೆ ಎಂಬುದು ನನ್ನ ಅನುಭವ. ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ, ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿ, ಮತ್ತೆ ಒರೆಸಿ ನೋಡಿ. ಕಪ್ಪು ಮರಳಿದರೆ ಅಲ್ಲಿಗೇ ನಿಲ್ಲಿಸಿ. ಮರಳದಿದ್ದರೆ ಅದು ಕುಶಲಕರ್ಮಿಯ ಕೆಲಸ.

ಇಲ್ಲೊಂದು ತೊಡಕಿದೆ. ಮತ್ತೆ ಕಪ್ಪು ಬರಿಸಬೇಕಾದರೆ ಮೈಯನ್ನು ಪುನಃ ಉಜ್ಜಿ ಶುದ್ಧ ಮಾಡಬೇಕು. ಪ್ರತಿ ಸಲವೂ ಒಂದಿಷ್ಟು ಲೋಹ, ಒಂದಿಷ್ಟು ಬೆಳ್ಳಿ ಸವೆಯುತ್ತದೆ. ಬೆಳ್ಳಿಯ ತಗಡು ಮೊದಲೇ ತೆಳು. ಅದಕ್ಕೇ ವಸ್ತುಸಂಗ್ರಹಾಲಯದವರು ಹಳೆಯ ವಸ್ತುವಿಗೆ ಹೊಸ ಕಪ್ಪು ಹಾಕಲು ಹಿಂಜರಿಯುತ್ತಾರೆ. ಇರುವುದನ್ನು ಮೇಣದಿಂದ ಕಾಪಾಡುತ್ತಾರೆ. ಹೊಸ ಮಾರಾಟದ ತಟ್ಟೆಗೆ ಈ ಮಡಿ ಬೇಕಿಲ್ಲ. ಅಜ್ಜಿಯ ಪಾನದಾನಕ್ಕೆ? ಮೂಲ ಕಪ್ಪು ಒಮ್ಮೆ ಹೋದರೆ ಆ ಕಾಲದ ಕರ್ಮಿ ಎಂಥ ಮಣ್ಣು ಬಳಸಿದ್ದ ಎಂಬುದರ ಸಾಕ್ಷ್ಯವೂ ಅದರೊಡನೆ ಹೋಗುತ್ತದೆ.

ಮಣ್ಣಿನದೂ ಮುಗಿಯದ ಚಿಂತೆ. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು. ಬೀದರಿನ ಷಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬೇಡಿಕೆ ಹೆಚ್ಚಿದಷ್ಟೂ ಮಣ್ಣು ಬೇಕು. ಕೋಟೆಯಾದರೋ ಸಂರಕ್ಷಿತ ಸ್ಮಾರಕ, ಬೇಕಾದಲ್ಲಿ ಅಗೆಯುವಂತಿಲ್ಲ; ಕುದುರೆ ಲಾಯಗಳು ಖಾಲಿಯಾಗಿ ಎಷ್ಟೋ ಕಾಲವಾದ್ದರಿಂದ ಹೊಸ ಮಣ್ಣು ಹುಟ್ಟುತ್ತಲೂ ಇಲ್ಲ. ಲವಣಗಳನ್ನು ಅಳೆದು ಬೆರೆಸಿ ಅದೇ ಕಪ್ಪು ಬರಿಸುವುದು ರಸಾಯನಶಾಸ್ತ್ರಕ್ಕೆ ಅಸಾಧ್ಯವೇನಲ್ಲ. ನಮ್ಮ ಕಾಲೇಜುಗಳ ಪ್ರಯೋಗಾಲಯಗಳಿಗೆ ಇದು ಒಳ್ಳೆಯ ಕೆಲಸ. ಆದರೆ ಕರ್ಮಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಬೇಕು. ಹದ ಗೊತ್ತಿರುವುದು ಅವರಿಗೆ.

ಭಾಲ್ಕಿಯ ಪಾನದಾನವನ್ನು ಬೀದರಿಗೆ ಒಯ್ದೆವು. ಮುದುಕ ಕರ್ಮಿಯೊಬ್ಬರು ಅದನ್ನು ಕೈಯಲ್ಲಿ ತಿರುವಿ, ಮುಚ್ಚಳದ ಒಳಮೈ ನೋಡಿದರು. ಹುಣಿಸೆಹಣ್ಣು ಅಲ್ಲಿಗೆ ತಲುಪಿರಲಿಲ್ಲ. ಅಂಗೈಯಗಲ ಹಳೆಯ ಕಪ್ಪು ಹಾಗೇ ಇತ್ತು. 'ಇದನ್ನು ಮುಟ್ಟುವುದಿಲ್ಲ, ಹೊರಗಡೆ ಮಾಡಿಕೊಡುತ್ತೇನೆ, ಆಗಬಹುದೆ?' ಎಂದು ಕೇಳಿದರು. ಮನೆಯವರು ಒಪ್ಪಿದರು. ಈಗ ಹೊರಗಿನದು ಕಡುಗಪ್ಪು, ಒಳಗಿನದು ತುಸು ಕಂದು ಬೆರೆತ ಕಪ್ಪು. ಮುಚ್ಚಳ ತೆರೆದಾಗ ಎರಡೂ ಒಟ್ಟಿಗೆ ಕಾಣುತ್ತವೆ.